ವೀಣೆ ಮುಟ್ಟಿ ಹೇಳಿದ ಸುಳ್ಳು

ನಿನಗೆ ಸ್ವರಜ್ಞಾನವಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನೀನು ಹನ್ನೊಂದು ವರ್ಷದವಳಿದ್ದಾಗ, ನಿನ್ನ ತಾತನ ಎದುರಿಗೆ ಹೇಳಿದ ಸುಳ್ಳು. ಅದು ನಿಜವೆಂದು ಅವರಿಗೆ ನನ್ನ ವೀಣೆ ಮುಟ್ಟಿ ಆಣೆ ಬೇರೆ ಇಟ್ಟೆ. ಹದಿನೆಂಟು ವರ್ಷ ನೀನು ಅದನ್ನು ನಂಬಿಕೊಂಡೇ ಬದುಕಿದ್ದೀಯ ಎಂಬುದು ನನಗೆ ತಿಳಿದದ್ದು ಹೋದ ಶುಕ್ರವಾರ, ನೀನು ಮಗಳ ಕೈ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಾಗ.

ಅಂದೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮೂವತ್ತೈದು ವರ್ಷ ಮಕ್ಕಳನ್ನು ಗದರಿಸಿಕೊಂಡು ಬಂದ ಬಾಯಿ ಇದು. ಬಸವನಗುಡಿಯ ನಮ್ಮ ಕ್ರಾಸಿನಲ್ಲಿ ಯಾರನ್ನು ಕೇಳಿದರೂ ವೀಣೆ ಮಿಸ್ಸಿನ ನಾಲಿಗೆಯ ಪ್ರತಾಪ ಹೇಳುತ್ತಾರೆ. ಬೇಡದ್ದನ್ನೆಲ್ಲ ಧಾರಾಳವಾಗಿ ಆಡುವ ಈ ಬಾಯಿ ಬೇಕಾದ ದಿನ ಹೊಲಿದುಕೊಂಡು ಕೂತುಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರನ್ನು ಈ ಹಾಳೆಗಳಲ್ಲಿ ಎಲ್ಲಿಯೂ ಬರೆಯುವುದಿಲ್ಲ — ಕಾಗದ ಗಾಳಿಗೆ ಹಾರುವ ವಸ್ತು, ಯಾರ ಕೈಗೆ ಸಿಗುತ್ತದೋ ಹೇಳಲಾಗದು. ನಿನ್ನ ತಾತ ಕರೆಯುತ್ತಿದ್ದ ಹಾಗೆ ಪುಟ್ಟಿ ಎಂದು ಕರೆಯುತ್ತೇನೆ. ಆ ಸಲಿಗೆ ನನಗಿಲ್ಲ ಎಂದು ಗೊತ್ತು.

ನನ್ನ ಪಾಠದ ಕೋಣೆ ನಿನಗೆ ಎಷ್ಟು ನೆನಪಿದೆಯೋ. ನನಗಂತೂ ಆ ವರ್ಷದ ಸಂಜೆಗಳು ಅರೆನಿದ್ದೆಯಲ್ಲಿ ಕಂಡ ಹಾಗೆ ಕಾಣುತ್ತವೆ. ಕೆಂಪು ಗಾರೆಯ ನೆಲ, ಅದರ ಮೇಲೆ ಕಿಟಕಿಯ ಸರಳುಗಳ ನೆರಳು ಉದ್ದುದ್ದ ಮಲಗಿರುತ್ತಿತ್ತು. ಮೂಲೆಯಲ್ಲಿ ಶ್ರುತಿಪೆಟ್ಟಿಗೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಆ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸುವುದು ನಿಂತು, ಕೋಣೆಯ ಗಾಳಿಯೇ ಆಗಿಬಿಡುತ್ತಿತ್ತು. ಗೋಡೆಗೊರಗಿ ನೀನೂ ಸೇರಿ ಹನ್ನೊಂದು ಮಕ್ಕಳು. ಮಕ್ಕಳ ಪಾಲಿಗೆ ಇದ್ದದ್ದು ಒಂದೇ ವೀಣೆ, ಸರದಿ ಬಂದವರು ಬಂದು ಕೂರಬೇಕು.

ಆ ವೀಣೆಯ ಪಕ್ಕದಲ್ಲಿ ಒಂದು ಹಿತ್ತಾಳೆ ಬಟ್ಟಲು ಇರುತ್ತಿತ್ತು. ಅದರಲ್ಲಿ ಕೊಬ್ಬರಿ ಎಣ್ಣೆಯಲ್ಲಿ ನೆನೆದ ಹತ್ತಿಯ ಉಂಡೆ. ಎಡಗೈಯ ತೋರುಬೆರಳು, ನಡುಬೆರಳು ಎರಡನ್ನೂ ಅದಕ್ಕೆ ಒತ್ತಿ ಎಣ್ಣೆ ಮಾಡಿಕೊಂಡೇ ತಂತಿ ಮುಟ್ಟಬೇಕು, ಇಲ್ಲವಾದರೆ ಬೆರಳು ಜಾರುವುದಿಲ್ಲ. ಎಣ್ಣೆ ಹಚ್ಚಿದರೂ ಹೊಸ ಮಕ್ಕಳಿಗೆ ತಂತಿ ಬೆರಳ ತುದಿ ಕೊಯ್ಯುವುದು ಇದ್ದದ್ದೇ. ಗೀರು ಬಿದ್ದು, ಒಂದು ಹನಿ ರಕ್ತ ಬಂದು, ಮತ್ತೆ ಗಟ್ಟಿಯಾಗಿ, ಹಾಗೇ ವೀಣೆಯ ಕೈ ತಯಾರಾಗಬೇಕು. ಬಟ್ಟಲು ನನ್ನ ಗುರುಗಳ ಮನೆಯದು. ಒಂದೇ ಬಟ್ಟಲಿಗೆ ಬೆರಳದ್ದಿದವರು ಒಡಹುಟ್ಟಿದವರು ಎಂದು ಅವರು ಹೇಳುತ್ತಿದ್ದರು. ನಾನೂ ಪ್ರತಿ ವರ್ಷ ಹೊಸ ಮಕ್ಕಳಿಗೆ ಅದನ್ನೇ ಒಪ್ಪಿಸುತ್ತಿದ್ದೆ, ಅರ್ಥ ಯೋಚಿಸದೆ.

ನಿನ್ನ ತಾತ ರಂಗಪ್ಪನವರು ನಿನ್ನನ್ನು ಕರೆತಂದ ದಿನ ಮೊದಲು ನಾನು ಒಲ್ಲೆ ಎಂದಿದ್ದೆ. ಸಿಟಿ ಬಸ್ಸಿನ ಕಂಡಕ್ಟರಾಗಿ ರಿಟೈರಾದವರು, ಕೈಯಲ್ಲೊಂದು ಬಟ್ಟೆ ಚೀಲ, ಕಾಲಿಗೆ ಟೈರಿನ ಚಪ್ಪಲಿ. ಮನೆಯಲ್ಲಿ ವೀಣೆ ಇದೆಯೇ ಎಂದು ಕೇಳಿದೆ. ಇಲ್ಲವೆಂದರು. ಅಭ್ಯಾಸವಿಲ್ಲದೆ ವೀಣೆ ಬರುವುದಿಲ್ಲ, ಸುಮ್ಮನೆ ಯಾಕೆ ಎಂದೆ. ಮಾರನೆಯ ವಾರ ಮತ್ತೆ ಬಂದರು. ಈ ಸಲ ನನ್ನ ಮಕ್ಕಳ ವೀಣೆಯ ಅಳತೆ ಬೇಕೆಂದರು. ಹಳೆಯ ಮಂಚದ ಹಲಗೆಯ ಮೇಲೆ, ಬೆರಳೊತ್ತುವ ಇಪ್ಪತ್ತನಾಲ್ಕು ಮೆಟ್ಟಿಲಿಗೂ ಗೆರೆ ಎಳೆದು, ತಂತಿಯ ಜಾಗಕ್ಕೆ ದಾರ ಕಟ್ಟಿ, ನಿನಗೊಂದು ವೀಣೆ ಮಾಡಿಕೊಟ್ಟರು. ಆ ಮೂಗ ಹಲಗೆಯ ಮೇಲೆ ನೀನು ವಾರವೆಲ್ಲ ಬೆರಳಾಡಿಸಿ, ಶುಕ್ರವಾರ ಬಂದು ನನ್ನ ಕೋಣೆಯ ಆ ವೀಣೆಯ ಮೇಲೆ ನುಡಿಸುತ್ತಿದ್ದೆ. ಒಂದು ಸ್ವರ ತಪ್ಪುತ್ತಿರಲಿಲ್ಲ. ಸದ್ದೇ ಇಲ್ಲದ ಕಡೆ ಕಲಿತು ಬರುತ್ತಿದ್ದ ಮಗು ನೀನು — ಅಂದರೆ ಸದ್ದೆಲ್ಲ ನಿನ್ನೊಳಗೇ ಇತ್ತು.

ಒಂದು ಸಂಜೆ ಬೇರೊಬ್ಬಳು ನುಡಿಸುತ್ತಿದ್ದಳು. ನೀನು ಬಾಗಿಲ ಹತ್ತಿರ ಕೂತಿದ್ದೆ. ಇದ್ದಕ್ಕಿದ್ದಂತೆ, 'ಮಿಸ್, ಮೂರನೇ ತಂತಿ ಸ್ವಲ್ಪ ಅಳ್ತಾ ಇದೆ' ಎಂದೆ. ಎಲ್ಲ ಮಕ್ಕಳೂ ನಕ್ಕರು. ನಾನೂ ಗದರಿದೆ. ಆಮೇಲೆ ಮೀಟಿ ನೋಡಿದರೆ ಮಂದ್ರದ ತಂತಿ ಕೂದಲೆಳೆಯಷ್ಟು ಇಳಿದಿತ್ತು. ನನಗೇ ಗೊತ್ತಾಗಿರಲಿಲ್ಲ, ಪುಟ್ಟಿ. ಅಂಥ ಕಿವಿ ನನ್ನ ಶಿಷ್ಯರಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಬಿರಡೆ ತಿರುಗಿಸಿ ಸರಿಮಾಡಿದೆನೇ ಹೊರತು ಒಂದು ಒಳ್ಳೆಯ ಮಾತು ಆಡಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆ ಎಂಬುದು ನಮ್ಮ ಕಾಲದವರ ದೊಡ್ಡ ಜಾಣತನ. ಅಂದು ಒಂದು ಮಾತು ಹೊಗಳಿದ್ದರೆ ಮುಂದೆ ನಾನು ಹೇಳಿದ ಸುಳ್ಳನ್ನು ನೀನು ಅಷ್ಟು ಸಲೀಸಾಗಿ ನಂಬುತ್ತಿರಲಿಲ್ಲವೋ ಏನೋ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ, ಪಾಠವಿಲ್ಲದ ದಿನ, ನಿನ್ನ ತಾತ ಒಬ್ಬರೇ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಬಟ್ಟೆ ಚೀಲದ ಹಿಡಿಯನ್ನು ಎರಡೂ ಕೈಯಿಂದ ತಿರುಚುತ್ತ ಹೇಳಿದರು: 'ಅಮ್ಮಾ, ಗುರುಗಳತ್ರ, ಡಾಕ್ಟ್ರತ್ರ ಮುಚ್ಚಿಡಬಾರ್ದು ಅಂತಾರೆ. ನಮ್ ಪುಟ್ಟಿ ತಿಂಗಳಿಗೊಂದ್ಸಲ ಪಾಠ ತಪ್ಪಿಸ್ಕಂತಾಳಲ್ಲ, ಅದು ಗೌರ್ಮೆಂಟ್ ಆಸ್ಪತ್ರೆಗೆ ಮಾತ್ರೆ ತರಾಕೆ ಹೋಗೋದು. ಅವಳಿಗೆ ಎಚ್‌ಐವಿ ಅದೆ. ಹುಟ್ಟಿಂದ್ಲೂ. ಅವರಪ್ಪ ಅಮ್ಮ ಇಬ್ರೂ ಅದ್ರಲ್ಲೇ ಹೋದ್ರು.'

ನಾನು ಏನು ಕೇಳಿದೆ ಗೊತ್ತೇ? ಮಗು ಹೇಗಿದ್ದಾಳೆ ಎಂದಲ್ಲ. ಅವರಪ್ಪನಿಗೆ ಅದು ಹೇಗೆ ಬಂತು ಎಂದು ಕೇಳಿದೆ. ಅದು ತಿಳಿದು ನನಗೆ ಆಗಬೇಕಾದ್ದೇನಿತ್ತು? 'ಅದು ನಂಗೂ ಗೊತ್ತಿಲ್ಲ ಕಣಮ್ಮಾ. ಸಾಯೋ ಮಗನ್ನ ಅದೆಲ್ಲ ಕೇಳಾಕಾಯ್ತದಾ' ಎಂದರು ನಿನ್ನ ತಾತ.

ಆಮೇಲೆ ಅವರು ನಿಜವಾಗಿ ಹೇಳಲು ಬಂದಿದ್ದ ಮಾತು ಹೇಳಿದರು. ಹಿಂದಿನ ಶುಕ್ರವಾರ ತಂತಿ ನಿನ್ನ ಬೆರಳು ಕೊಯ್ದಿತ್ತಂತೆ. 'ಎಣ್ಣೆ ಬಟ್ಲಿಗೆ ಎಲ್ಲಾ ಮಕ್ಕಳೂ ಬೆರಳ್ ಹಾಕ್ತಾರಲ್ವಾ. ಡಾಕ್ಟ್ರು ಅದ್ರಿಂದೆಲ್ಲ ಏನೂ ಆಗಾಕಿಲ್ಲ ಅಂತಾರೆ. ಆದ್ರೂ ನಿಮ್ಗೆ ತಿಳಿಸ್ದೆ ಇರೋದು ನ್ಯಾಯ ಅಲ್ಲ ಅನ್ನಿಸ್ತು. ಬೇಕಂದ್ರೆ ಅವಳಿಗೆ ಒಂದ್ ಬಟ್ಲು ನಾನೇ ಮನೆಯಿಂದ ಕೊಟ್ಟು ಕಳಿಸ್ತೀನಿ.' ಎರಡು ಬಾಡಿಗೆ ಮನೆ, ಒಂದು ಶಾಲೆ ಇದೇ ಕಾರಣಕ್ಕೆ ಬಿಡಬೇಕಾಯಿತು ಎಂದೂ ಹೇಳಿದರು. ನಿನಗೆ ಇನ್ನೂ ಪೂರ್ತಿ ಹೇಳಿಲ್ಲ, ರಕ್ತದಲ್ಲಿ ಶಕ್ತಿ ಕಡಿಮೆ ಎಂದಷ್ಟೇ ತಿಳಿಸಿದ್ದೇನೆ ಎಂದರು.

'ಛೆ ಛೆ, ಬಟ್ಲು ಗಿಟ್ಲು ಏನೂ ಬೇಡಿ. ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ' ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದರೆ ಅವರ ಕಣ್ಣಲ್ಲಿ ನೀರು ಬಂತು. ಬಗ್ಗಿ ನನ್ನ ಕಾಲು ಮುಟ್ಟಲು ಬಂದರು — ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಹಿಂದೆ ಸರಿದೆ. ಅವರು ಅದನ್ನು ವಿನಯವೆಂದುಕೊಂಡರು. ನಾನು ಹಿಂದೆ ಸರಿದದ್ದು ಅವರ ಕೈ ನನಗೆ ತಾಗದಿರಲೆಂದು.

ಅವರು ಗೇಟು ದಾಟಿದ ಮೇಲೆ ಬಟ್ಟಲನ್ನು ಚಿಮಟದಲ್ಲಿ ಹಿಡಿದು ಹಿತ್ತಲಿಗೆ ಒಯ್ದೆ. ಹತ್ತಿ ಸುಟ್ಟೆ. ಬಟ್ಟಲನ್ನು ಹುಣಸೆಹಣ್ಣು, ಬೂದಿ, ಬಿಸಿನೀರು ಎಲ್ಲದರಲ್ಲೂ ತಿಕ್ಕಿ, ಕೊನೆಗೆ ಹಳೆಯ ಪಾತ್ರೆಯವನಿಗೆ ಹಾಕಿಬಿಟ್ಟೆ. ನನ್ನ ಗುರುಗಳ ಬಟ್ಟಲನ್ನು. ವೀಣೆಯ ತಂತಿಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿಸಿದೆ. ಅದರ ಮೆಟ್ಟಿಲುಗಳನ್ನು ಅರಿಶಿನದ ನೀರಿನ ಬಟ್ಟೆಯಲ್ಲಿ ಒರೆಸಿದೆ. ಮನೆಯಲ್ಲಿ ಇವರು ಏನು ಇದ್ದಕ್ಕಿದ್ದಂತೆ ಸಡಗರ ಎಂದು ಕೇಳಿದಾಗ, ಹಬ್ಬ ಬರುತ್ತಲ್ಲ ಎಂದೆ. ಕನ್ನಡಿಯ ಮುಂದೆ ನಿಂತು ನನ್ನ ಬೆರಳುಗಳನ್ನೂ ಒಂದೊಂದಾಗಿ ನೋಡಿಕೊಂಡೆ, ಎಲ್ಲಾದರೂ ಗೀರಿದೆಯೇ ಎಂದು. ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ, ಆದರೆ ಅಂದು ಹಾಗೆ ಅನ್ನಿಸಲಿಲ್ಲ. ಏನೋ ಜವಾಬ್ದಾರಿಯ ಕೆಲಸ ಮಾಡುತ್ತಿದ್ದೇನೆ ಎನ್ನಿಸಿತ್ತು.

ನಿನ್ನನ್ನು ಬಿಡಿಸಬೇಕೆಂದು ಅವತ್ತೇ ನಿಶ್ಚಯ ಮಾಡಿದೆ. ಹೇಗೆ ಎಂಬುದೇ ಪ್ರಶ್ನೆ. ನಿಜ ಹೇಳಿದರೆ ನಾನು ಕೆಟ್ಟವಳಾಗುತ್ತೇನೆ. ಬೇರೆ ಮಕ್ಕಳ ತಾಯಂದಿರಿಗೆ ತಿಳಿದರೆ ಒಬ್ಬರೂ ಉಳಿಯುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಎರಡು ದಿನ ಯೋಚಿಸಿ ಅಂಥ ಉಪಾಯ ಕಂಡುಕೊಂಡೆ. ಮಗುವಿನ ಗುಟ್ಟು ಗುಟ್ಟಾಗಿಯೇ ಉಳಿಯಬೇಕು, ಅವರ ಮನಸ್ಸೂ ನೋಯಬಾರದು. ನೋಡು, ಸುಳ್ಳು ಹೇಳುವಾಗ ನನಗೆ ನಾನು ಎಷ್ಟು ದಯಾಮಯಿಯಾಗಿ ಕಂಡಿದ್ದೆ.

ಆ ಶುಕ್ರವಾರ ಮಳೆ ಮೋಡ. ಕೋಣೆಯಲ್ಲಿ ಮಬ್ಬು ಬೆಳಕು. ಬೇರೆ ಮಕ್ಕಳನ್ನು ಬೇಗ ಕಳಿಸಿದೆ. ನಿನ್ನನ್ನೂ ತಾತನನ್ನೂ ಕೂರಿಸಿದೆ. ನಿನಗೆ ಇನ್ನೂ ಕಲಿಸಿರದ ಕಠಿಣವಾದೊಂದು ವರಸೆ ಹೇಳಿ ನುಡಿಸು ಎಂದೆ. ತಡವರಿಸುತ್ತೀಯ ಎಂದು ಲೆಕ್ಕ. ನೀನು ಒಮ್ಮೆ ತಡವರಿಸಿದೆ, ಎರಡನೆಯ ಸಲಕ್ಕೆ ಹಿಡಿದುಬಿಟ್ಟೆ. ಮಾಯಾಮಾಳವಗೌಳದ ರಿಷಭ ಎಷ್ಟು ಮೆತ್ತಗೆ ಬಂದು ಕೂತಿತೆಂದರೆ — ನಾನು ಒಂದು ಗಳಿಗೆ ಹೇಳಬೇಕಾದ್ದನ್ನು ಮರೆತೆ. ಅಲ್ಲೇ ಮರೆತುಬಿಡಬಾರದಿತ್ತೇ.

ಮರೆಯಲಿಲ್ಲ. ನಿನ್ನ ಕಡೆ ನೋಡದೆ, ತಾತನಿಗೆ ಹೇಳಿದೆ: 'ರಂಗಪ್ಪನವರೇ, ಒಂದು ವರ್ಷ ನೋಡಿದೆ. ಇವಳಿಗೆ ಸ್ವರಜ್ಞಾನ ಇಲ್ಲ. ಕೆಲವು ಮಕ್ಕಳಿಗೆ ದೇವರು ಕೊಟ್ಟಿರಲ್ಲ, ಅದು ಯಾರ ತಪ್ಪೂ ಅಲ್ಲ. ಸುಮ್ನೆ ಮಗೂನ ಹಿಂಸೆ ಮಾಡ್ಬೇಡಿ.'

ವೀಣೆಯ ಮೇಲಿದ್ದ ನಿನ್ನ ಕೈ ಹಾಗೇ ನಿಂತಿತು. ಅಳುತ್ತೀಯ ಎಂದುಕೊಂಡೆ. ನೀನು ಎದ್ದು, ಫ್ರಾಕಿನ ಅಂಚು ಸರಿಮಾಡಿಕೊಂಡು, 'ಸಾರಿ ಮಿಸ್' ಎಂದೆ. ನಿನಗೆ ಸ್ವರ ಬಾರದ್ದಕ್ಕೆ ನೀನು ನನ್ನ ಕ್ಷಮೆ ಕೇಳಿದೆ. ಆ ಎರಡು ಶಬ್ದ ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಎಲ್ಲಿಂದಲೋ ಬರುತ್ತವೆ.

ನಿನ್ನ ತಾತ ದಡ್ಡರಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಮುಖ ನೋಡಿ ಮನುಷ್ಯರನ್ನು ಅಳೆದವರು. ನಿನಗೆ ಹೊರಗೆ ಹೋಗಿ ಚಪ್ಪಲಿ ಹಾಕಿಕೋ ಎಂದರು. ನೀನು ಹೋದ ಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: 'ಅಮ್ಮಾ, ಬ್ಯಾರೆ ಏನಾರ ಕಾರಣ ಇದ್ರೆ ಹೇಳ್ಬಿಡಿ. ನಮಗೆ ಅಭ್ಯಾಸ ಆಗದೆ. ಬೇಜಾರಿಲ್ಲ. ಮಗೂಗೆ ಸಂಗೀತ ಬರಾಕಿಲ್ಲ ಅಂತ ಮಾತ್ರ ಸುಮ್ನೆ ಹೇಳ್ಬೇಡಿ, ಅವಳಿಗೆ ಅದೊಂದೇ ಇರೋದು.'

ನಿಜ ಹೇಳಲು ಬಾಗಿಲು ತೆರೆದೇ ಇತ್ತು, ಪುಟ್ಟಿ. ಹೆದರಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಬೇಜಾರು ಮಾಡಿಕೊಳ್ಳದೆ, ನಿನ್ನನ್ನು ಬೇರೆ ಯಾರ ಹತ್ತಿರವಾದರೂ ಕರೆದೊಯ್ಯುತ್ತಿದ್ದರು. ನಿನ್ನ ಸಂಗೀತ ನಿನ್ನ ಜೊತೆ ಇರುತ್ತಿತ್ತು. ನಾನು ಪಕ್ಕಕ್ಕೆ ಬಗ್ಗಿ ನನ್ನ ವೀಣೆಯ ಮೇಲೆ ಅಂಗೈ ಇಟ್ಟೆ. 'ಇದನ್ನ ಮುಟ್ಟಿ ಹೇಳ್ತೀನಿ, ಬೇರೆ ಕಾರಣ ಏನೂ ಇಲ್ಲ' ಎಂದೆ.

ಅವರ ಮುಖ ಅರಳಿತು. ಅದನ್ನು ಹೇಗೆ ಬರೆಯಲಿ... ಮೊಮ್ಮಗಳಿಗೆ ಸಂಗೀತ ಬರುವುದಿಲ್ಲ ಎಂಬ ಮಾತು ಕೇಳಿ ಆ ಮನುಷ್ಯ ಸಮಾಧಾನಪಟ್ಟರು. ರೋಗಕ್ಕಾಗಿ ಅಲ್ಲ, ಬರೀ ಸ್ವರಕ್ಕಾಗಿ ಬಿಡಿಸಿದ್ದು! ಎರಡೂ ಕೈ ಜೋಡಿಸಿ, 'ನೀವು ದೊಡ್ಡೋರು ತಾಯಿ' ಎಂದು ಹೊರಟರು. ಮುಂದಿನ ವಾರ ಎಲೆ ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ತಂದು ಗುರುಕಾಣಿಕೆ ಎಂದು ಇಟ್ಟು ಹೋದರು. ಅದನ್ನು ನಾನು ತಿನ್ನಲಿಲ್ಲ. ಬೀದಿಯ ಹಸುವಿಗೆ ಹಾಕಿದೆ. ನಾಚಿಕೆಯಿಂದಲ್ಲ, ಹೆದರಿಕೆಯಿಂದ.

ಈಗ ಅದಕ್ಕಿಂತ ಕೆಟ್ಟ ಸಂಗತಿ ಹೇಳಬೇಕು. ನೀನು ಹೋದ ಹತ್ತು ದಿನಕ್ಕೆ ನಾನು ಗಾಂಧಿಬಜಾರಿಗೆ ಹೋಗಿ ಹತ್ತು ಪುಟ್ಟ ಸ್ಟೀಲು ಬಟ್ಟಲು ತಂದೆ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಎಣ್ಣೆ ಬಟ್ಟಲು. ಸ್ವಚ್ಛತೆ ಇರಲಿ ಎಂದೆ, ತಾಯಂದಿರು ಮೆಚ್ಚಿಕೊಂಡರು. ಅಂಗಡಿಯವನು ಇನ್ನೊಂದು ಬೇಕೇ ಎಂದು ಕೇಳಿದ್ದ, ಹನ್ನೊಂದು ಶುಭಸಂಖ್ಯೆ ಎಂದು. ಬೇಡ ಎಂದೆ. ಎಲ್ಲರಿಗೂ ಬೇರೆ ಬಟ್ಟಲು ಬಂದಮೇಲೆ ನೀನೂ ನಿನ್ನದೊಂದು ಬಟ್ಟಲು ಇಟ್ಟುಕೊಂಡು ಅವರ ನಡುವೆ ಕೂರಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆದರಿಕೆಗೂ ಅಷ್ಟೇ ಸಾಕಾಗಿತ್ತು. ಅದು ನನಗೆ ಅಂಗಡಿಯಲ್ಲೇ ಹೊಳೆದಿತ್ತು. ಹೊಳೆದರೂ ಬಟ್ಟಲುಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ತಿಂಗಳೊಳಗೆ ಮತ್ತೊಂದು ಆಯಿತು. ಬಿಪಿ ತೋರಿಸಲು ಹೋದಾಗ, ಯಾವುದೋ ವಾರಪತ್ರಿಕೆಯಲ್ಲಿ ಓದಿದವಳ ಹಾಗೆ ಎಚ್‌ಐವಿ ಒಂದೇ ಎಣ್ಣೆ ಬಟ್ಟಲಿನಿಂದ ಹರಡುತ್ತದೆಯೇ ಎಂದು ನಮ್ಮ ಮನೆ ಡಾಕ್ಟರನ್ನು ಕೇಳಿದೆ. ಅವರು ನಕ್ಕರು. 'ಮುಟ್ಟಿದ್ರೆ, ಜೊತೇಲಿ ಕೂತು ಊಟ ಮಾಡಿದ್ರೆ ಬರೋದಲ್ಲ ಅಮ್ಮ ಅದು. ಎಣ್ಣೆ ಬಟ್ಲಿಂದಾನೂ ಬರಲ್ಲ. ಮೈಯಿಂದ ಹೊರಗೆ ಬಂದ್ರೆ ಆ ವೈರಸ್ಸು ಬಾಳಲ್ಲ. ಯಾಕೆ, ಯಾರಿಗಾದ್ರೂ ಇದ್ಯಾ?' ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಡಬಡಿಸಿ, ಇಲ್ಲ ಇಲ್ಲ, ಸುಮ್ಮನೆ ಕೇಳಿದೆ ಎಂದೆ.

ಅಂದರೆ, ನನಗೆ ಗೊತ್ತಿರಲಿಲ್ಲ ಎಂಬ ಮಾತಿಗೆ ಬೆಲೆಯಿರುವುದು ಆ ಒಂದು ತಿಂಗಳಿಗೆ ಮಾತ್ರ. ಉಳಿದ ಹದಿನೆಂಟು ವರ್ಷ ನನಗೆ ಗೊತ್ತಿತ್ತು. ನೀವಿದ್ದ ಮನೆಯೂ ಗೊತ್ತಿತ್ತು, ವಿಶ್ವೇಶ್ವರಪುರದಲ್ಲಿ, ನಡೆದು ಹೋದರೆ ಕಾಲು ಗಂಟೆ. ಹೋಗಿ, ನಾನು ಹೇಳಿದ್ದು ತಪ್ಪು, ಮಗುವನ್ನು ಕಳಿಸಿ ಎನ್ನಬಹುದಿತ್ತು. ಆದರೆ ಸ್ವರಜ್ಞಾನವಿಲ್ಲ ಎಂದ ಗುರು ಒಂದೇ ತಿಂಗಳಲ್ಲಿ ಇದೆ ಎಂದರೆ ಜನ ಏನೆಂದಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ನಾನೇ ಗಾದೆ ಹೇಳಿಕೊಂಡೆ. ಹೆದರಿಕೆ ಹೋದ ಜಾಗದಲ್ಲಿ ಜಂಬ ಬಂದು ಕೂತಿತ್ತು. ಒಂದು ಸಲ ನೀವಿಬ್ಬರೂ ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಿರಿ, ನೆನಪಿದೆಯೇ? ನೀನು ಸ್ಕೂಲು ಯೂನಿಫಾರ್ಮಿನಲ್ಲಿದ್ದೆ, ನನ್ನನ್ನು ಕಂಡ ತಕ್ಷಣ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದೆ. ಹೇಳಬೇಕಾದ್ದು ಗಂಟಲಿಗೆ ಬಂತು. 'ಚೆನ್ನಾಗಿ ಓದ್ಕೋ' ಎಂದೆ. ಆಗ ನನ್ನ ಬಸ್ಸು ಬಂತು.

ಆಮೇಲಿನ ವರ್ಷಗಳಲ್ಲಿ ಒಂದು ಕನಸು ಬರುತ್ತಿತ್ತು. ಮಧ್ಯಾಹ್ನ ಊಟವಾಗಿ ಕಾಲು ಚಾಚಿದಾಗ ಬರುವ ಕನಸು. ಪಾಠದ ಕೋಣೆ, ಅದೇ ಕೆಂಪು ನೆಲ, ಮಕ್ಕಳೆಲ್ಲ ಇದ್ದಾರೆ. ನನ್ನ ಗುರುಗಳು ಬಾಗಿಲಲ್ಲಿ ನಿಂತಿದ್ದಾರೆ. ಎಲ್ಲಿಂದಲೋ ನಿನ್ನ ರಿಷಭ ಕೇಳುತ್ತಿದೆ, ಆದರೆ ವೀಣೆಯ ಮುಂದೆ ಯಾರೂ ಇಲ್ಲ. ಗುರುಗಳು ಬೈಯುವುದಿಲ್ಲ. ಯಾರು ನುಡಿಸುತ್ತಿರುವುದು ಎಂದು ಮಾತ್ರ ಕೇಳುತ್ತಾರೆ. ನಾನು ಎದ್ದು ಒಂದೊಂದೇ ಕೋಣೆ ಹುಡುಕುತ್ತ ಹೋಗುತ್ತೇನೆ. ಮನೆ ಮುಗಿಯುವುದೇ ಇಲ್ಲ. ಎಚ್ಚರವಾದಾಗ ಎದುರುಮನೆಯ ಕುಕ್ಕರ್ ಕೂಗುತ್ತಿರುತ್ತದೆ, ಹೊರಗೆ ಹೂವಿನವಳು ಮೊಳ ಹಾಕುತ್ತಿರುತ್ತಾಳೆ. ಎದ್ದು ಕಾಫಿ ಕುಡಿಯುತ್ತೇನೆ. ಕನಸು ತಾನೆ ಎಂದು ಬಿಟ್ಟುಬಿಡುತ್ತೇನೆ.

ಹೋದ ಶುಕ್ರವಾರ ಬಾಗಿಲು ತೆಗೆದಾಗ ಅದು ಕನಸೆಂದೇ ಅನ್ನಿಸಿತು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಕಣ್ಣು ಮಾತ್ರ ಅದೇ. ಪಕ್ಕದಲ್ಲಿ ಆರು ವರ್ಷದ ಪಾಪು. 'ಮಿಸ್, ನೆನಪಿದೀನಾ? ರಂಗಪ್ಪನ ಮೊಮ್ಮಗಳು' ಎಂದೆ. ಶೇಷಾದ್ರಿಪುರದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಎಂದೆ. ತಾತ ಹೋಗಿ ನಾಲ್ಕು ವರ್ಷವಾಯಿತು ಎಂದೆ. ಆಮೇಲೆ, ಕೂತುಕೊಳ್ಳುವುದಕ್ಕೂ ಮುಂಚೆ, ತಾತನ ಹಾಗೆಯೇ ಎಲ್ಲವನ್ನೂ ಮುಂದಿಟ್ಟೆ: 'ಮೊದ್ಲೇ ಹೇಳ್ಬಿಡ್ತೀನಿ ಮಿಸ್. ನನ್ನ ವಿಷ್ಯ ನಿಮಗೆ ಗೊತ್ತೇ ಇದೆ. ದಿನಾ ಒಂದು ಮಾತ್ರೆ ತಗೋತೀನಿ. ಈಗ ಟೆಸ್ಟ್ ಮಾಡಿಸಿದ್ರೆ ವೈರಸ್ ಕಾಣೋದೇ ಇಲ್ಲ, ಅಷ್ಟು ಕಮ್ಮಿ ಆಗಿದೆ. ನಮ್ಮನೆಯವ್ರಿಗೂ ಇಲ್ಲ, ಇವಳಿಗೂ ಇಲ್ಲ.' ನೀನು ಅದನ್ನು ಹೇಳಿದ ರೀತಿ — ತಲೆ ತಗ್ಗಿಸಲಿಲ್ಲ, ದನಿ ಇಳಿಸಲಿಲ್ಲ. ತಗ್ಗಿದ್ದು ನನ್ನ ತಲೆ.

'ನನಗಂತೂ ಸ್ವರಜ್ಞಾನ ಇಲ್ಲ ಅಂತ ನೀವೇ ಹೇಳಿದ್ರಿ,' ಎಂದು ನಕ್ಕೆ. 'ಇವಳಿಗಾದ್ರೂ ಇದ್ಯೇನೋ ನೋಡಿ ಮಿಸ್.'

ಪಾಪುವನ್ನು ಮಾತಾಡಿಸಬೇಕಲ್ಲ ಎಂದು, ಮನೆಯಲ್ಲಿ ಅಮ್ಮ ಯಾವ ಹಾಡು ಹೇಳಿಕೊಡುತ್ತಾಳೆ ಎಂದು ಕೇಳಿದೆ. 'ಅಮ್ಮ ಹಾಡೋದೇ ಇಲ್ಲ. ಮಲಗಿಸೋವಾಗ ಫೋನಲ್ಲಿ ಹಾಕ್ತಾಳೆ' ಎಂದಳು. ನೀನು ವಿವರಿಸಿದೆ, ಏನೋ ಒಳ್ಳೆಯ ಕೆಲಸದ ಬಗ್ಗೆ ಹೇಳುವ ಹಾಗೆ: 'ಇವಳು ಹುಟ್ಟಿದಾಗಿಂದ ನಾನು ಒಂದು ಜೋಗುಳಾನೂ ಹಾಡಿಲ್ಲ ಮಿಸ್. ನನ್ನ ಅಪಶ್ರುತಿ ಕಿವಿಗೆ ಬಿದ್ರೆ ಇವಳ ಕಿವೀನೂ ಕೆಡುತ್ತೆ ಅಲ್ವಾ. ಮೊದಲಿಂದ ಒಳ್ಳೇ ಶ್ರುತೀನೇ ಬೀಳ್ಲಿ ಅಂತ.'

ಆರು ವರ್ಷ. ಮಗು ಅತ್ತ ರಾತ್ರಿಗಳೆಲ್ಲ ನೀನು ಬಾಯಿ ಮುಚ್ಚಿಕೊಂಡು ಬರೀ ತಟ್ಟಿ ಮಲಗಿಸಿದ್ದೀಯ — ನಾನು ಒಂದು ಸಂಜೆ ನನ್ನ ಮರ್ಯಾದೆ ಉಳಿಸಿಕೊಳ್ಳಲು ಆಡಿದ ಮಾತಿಗಾಗಿ. ನನ್ನ ಸುಳ್ಳು ಒಂದು ವೀಣೆಪಾಠವನ್ನಷ್ಟೇ ತಿಂದಿತ್ತು ಎಂದುಕೊಂಡಿದ್ದೆ. ಅದು ನಿನ್ನ ಮನೆಯೊಳಗೆ ಬಂದು ತೊಟ್ಟಿಲ ಪಕ್ಕ ಕೂತಿತ್ತು. ಅಳು ಬಂತು, ನುಂಗಿಕೊಂಡೆ. ನಿನ್ನ ಮುಂದೆ ಅಳುವ ಯೋಗ್ಯತೆಯೂ ನನಗಿಲ್ಲ ಎನ್ನಿಸಿತು.

ಆಗಲೇ ಹೇಳುತ್ತಿದ್ದೆ. ನಂಬು, ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಇನ್ನೊಂದು ಮಾತು ಹೇಳಿದೆ. ನಿನಗೆ ಹದಿನಾರು ತುಂಬಿದಾಗ ತಾತ ನಿನ್ನ ಕಾಯಿಲೆಯ ವಿಷಯ ಬಿಡಿಸಿ ಹೇಳಿದರಂತೆ. ಆ ವರ್ಷವೆಲ್ಲ ನಿನಗೆ ಬದುಕುವುದೇ ಬೇಡವಾಗಿತ್ತಂತೆ. ಆಗೆಲ್ಲ ಅವರು ನನ್ನ ಕಥೆ ಹೇಳುತ್ತಿದ್ದರಂತೆ. 'ಎಲ್ಲರೂ ಹಂಗಿರಾಕಿಲ್ಲ ಪುಟ್ಟಿ. ಆ ವೀಣೆ ಅಮ್ಮನ್ನ ನೋಡು. ಗೊತ್ತಿದ್ದೂ ಭೇದ ಮಾಡ್ಲಿಲ್ಲ. ಸಂಗೀತ ಬರಾಕಿಲ್ಲ ಅಂದ್ರೇ ಹೊರ್ತು ನಿನ್ನ ದೂರ ಇಡ್ಲಿಲ್ಲ. ವೀಣೆ ಮುಟ್ಟಿ ಹೇಳಿದ್ರು.' ಸಾಯುವವರೆಗೂ ಹೇಳುತ್ತಿದ್ದರು ಎಂದೆ. 'ಪ್ರಪಂಚದಲ್ಲಿ ಅಂಥೋರು ಒಬ್ರಾದ್ರೂ ಇದಾರಲ್ಲ ಅಂತ ನಾನು ಹಿಡ್ಕೊಂಡಿದ್ದೆ ಮಿಸ್' ಎಂದೆ.

ನನ್ನ ಬಾಯಿ ಮುಚ್ಚಿಹೋಯಿತು.

ಈ ವಾರವೆಲ್ಲ ಅದನ್ನೇ ಯೋಚಿಸಿದ್ದೇನೆ. ನಿನ್ನ ಸ್ವರವನ್ನು ನಿನಗೆ ಹಿಂದಿರುಗಿಸಬೇಕಾದರೆ ಆ ಒಬ್ಬಳನ್ನು ನಿನ್ನಿಂದ ಕಿತ್ತುಕೊಳ್ಳಬೇಕು. ನಿನ್ನ ತಾತ ನಿನಗಾಗಿ ಬಿಟ್ಟುಹೋದ ಒಳ್ಳೆಯ ಮನುಷ್ಯಳು ಇರಲೇ ಇಲ್ಲ ಎಂದು ಹೇಳಬೇಕು. ಸುಮ್ಮನಿದ್ದುಬಿಡು, ಯಾಕೆ ಆ ಹುಡುಗಿಯ ನಂಬಿಕೆ ಕೆಡಿಸುತ್ತೀಯ ಎಂದು ಒಂದು ಮನಸ್ಸು ಹೇಳಿತು. ಆ ಮನಸ್ಸಿನ ದನಿ ನನಗೆ ಚೆನ್ನಾಗಿ ಪರಿಚಯ. ಹದಿನೆಂಟು ವರ್ಷದ ಹಿಂದೆಯೂ ಅದು ಹೀಗೇ, ಅವರ ಮ‌ನಸ್ಸು ನೋಯಬಾರದು ಎಂದೇ ಮಾತಾಡಿತ್ತು.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ಹೋದ ವಾರ ನೀನು ಹೊರಡುವಾಗ ನಾನು ಶ್ರುತಿಪೆಟ್ಟಿಗೆ ನಿಲ್ಲಿಸಿರಲಿಲ್ಲ. ಪಾಪು ಅಂಗಳದಲ್ಲಿ ಆಡುತ್ತಿದ್ದಳು. 'ಬಾ ಪಾಪೂ, ಹೊರಡೋಣ' ಎಂದು ನೀನು ಕೂಗಿದೆ. ಆ ಕೂಗು ಬಂದು ನನ್ನ ಷಡ್ಜದ ಮೇಲೆ ಕೂತಿತು, ಒಂದು ಕೂದಲೆಳೆ ಆಚೀಚೆ ಇಲ್ಲದೆ. ನೀನು ಗಮನಿಸಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟುಹೋದೆ.

ನಾಳೆ ಶುಕ್ರವಾರ. ಐದು ಗಂಟೆಗೆ ಬರುತ್ತೀಯ. ಪಾಪುವಿಗೆ ಪಾಠ ಶುರುಮಾಡುವ ಮೊದಲು ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಒಳಗೆ ಹೋಗುವುದಿಲ್ಲ, ಕಾಫಿ ಮಾಡುವ ನೆಪವನ್ನೂ ಹೂಡುವುದಿಲ್ಲ, ಎದುರಿಗೇ ಕೂತಿರುತ್ತೇನೆ. ಏನು ಬೈದರೂ ಕೇಳಿಸಿಕೊಳ್ಳುತ್ತೇನೆ. ಬೈಯದಿದ್ದರೆ ಅದನ್ನೂ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಮಾತನ್ನು ಅಂದು ನೀನು ನನಗೆ ಹೇಳಿಬಿಟ್ಟಿದ್ದೀಯ, ಅದೂ ನಿನ್ನದಲ್ಲದ ತಪ್ಪಿಗೆ. ನಿನ್ನ ತಾತನಿಗೆ ಹೇಳಲು ನನಗಿನ್ನು ದಾರಿಯಿಲ್ಲ. ಅವರು ನನ್ನನ್ನು ಒಳ್ಳೆಯವಳೆಂದು ನಂಬಿಕೊಂಡೇ ಹೋದರು. ಅದನ್ನು ನಾನು ಹೊತ್ತುಕೊಂಡೇ ಹೋಗಬೇಕು.

ಎದ್ದು ಹೋಗಬೇಕೆನಿಸಿದರೆ ಹೋಗು, ತಡೆಯುವುದಿಲ್ಲ. ಮಲ್ಲೇಶ್ವರದಲ್ಲಿ ನನಗಿಂತ ಚೆನ್ನಾಗಿ ಕಲಿಸುವವರೊಬ್ಬರಿದ್ದಾರೆ, ನನಗಿಂತ ಒಳ್ಳೆಯವರೂ ಹೌದು. ಅವರ ವಿಳಾಸ ಕೊನೆಯ ಹಾಳೆಯ ಹಿಂದೆ ಬರೆದಿದ್ದೇನೆ. ಪಾಪುವನ್ನಷ್ಟೇ ಅಲ್ಲ, ನೀನೂ ಸೇರಿಕೋ. ಇಪ್ಪತ್ತೊಂಬತ್ತು ವೀಣೆಗೆ ತಡವಾದ ವಯಸ್ಸಲ್ಲ. ಮತ್ತೆ, ನಾಳೆ ಮನೆಗೆ ಹೋಗಿ ಪಾಪುವನ್ನು ಮಲಗಿಸುವಾಗ ಆ ಫೋನು ಆರಿಸಿಬಿಡು. ನೀನೇ ಹಾಡು.